ತೊಗಟೆಯೊಳಗಿನ ಅಣು: ಪ್ರೊಫೆಸರ್ ಅಸೀಮಾ ಚಟರ್ಜಿ ಅವರ ಬದುಕು ಮತ್ತು ಕೆಲಸ

(ಕರಾವಳಿಯ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಸೀಮಾ ಚಟರ್ಜಿ ಅವರ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಂತೂ ಗೊತ್ತೇ ಇರುತ್ತದೆ. ಭಾರತದ ವಿಶ್ವವಿದ್ಯಾಲಯವೊಂದರಿಂದ ವಿಜ್ಞಾನದಲ್ಲಿ ಡಿ.ಎಸ್ಸಿ., ಅಂದರೆ ಡಾಕ್ಟರ್ ಆಫ್ ಸೈನ್ಸ್ ಪದವಿ ಪಡೆದ ಮೊದಲ ಮಹಿಳೆ, 1944. ಭಟ್ನಾಗರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ, 1961. ಇಂಡಿಯನ್ ಸೈನ್ಸ್ ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆ, 1975. ಅದೇ ವರ್ಷ ಪದ್ಮಭೂಷಣ. ಇಷ್ಟು ಹೇಳಿ ಪುಟ ತಿರುಗಿಸಿಬಿಡುತ್ತೇವೆ. ಅವರು ಮಾಡಿದ್ದಾದರೂ ಏನು ಅಂತ ಕೇಳಿದರೆ ಜಾಸ್ತಿ ಜನರಿಗೆ ಗೊತ್ತಿಲ್ಲ. "ಔಷಧಿ ಗಿಡಗಳ ಮೇಲೆ ಸಂಶೋಧನೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ನನಗೆ ಬೇಜಾರಾಗುವುದು ಇಲ್ಲೇ. ಒಬ್ಬ ಕೆಮಿಸ್ಟ್‌ನ ಬದುಕು ಇರುವುದು ಅವರ ಕೆಲಸದಲ್ಲಿ. ಹಾಗಾಗಿ ಇವತ್ತು ಪ್ರಶಸ್ತಿಗಳನ್ನು ಪಕ್ಕಕ್ಕಿಟ್ಟು, ಆ ಲ್ಯಾಬಿನೊಳಗೆ ಏನು ನಡೆಯುತ್ತಿತ್ತು ಅನ್ನುವುದನ್ನೇ ಮುಖ್ಯವಾಗಿ ಹೇಳುತ್ತೇನೆ.

ಅದಕ್ಕೆ ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಆಟಿ ಅಮಾವಾಸ್ಯೆ, ಅಂದರೆ ತುಳುವರ ಆಟಿ ತಿಂಗಳ ಅಮಾವಾಸ್ಯೆ, ನಿಮಗೆ ಹೊಸದಲ್ಲ. ಬೆಳಕು ಹರಿಯುವ ಮೊದಲೇ ಹೋಗಿ ಹಾಲೆ ಮರದ ತೊಗಟೆ ತರುತ್ತಾರೆ. ತುಳುವಿನಲ್ಲಿ ಪಾಲೆ. ಕತ್ತಿ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ಕೀಳಬೇಕು. ಮನೆಗೆ ತಂದು ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು ರಸ ಹಿಂಡುತ್ತಾರೆ. ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕಿದರೆ ಚುಂಯ್ ಅಂತ ಹಬೆ ಏಳುತ್ತದೆ. ಖಾಲಿ ಹೊಟ್ಟೆಗೆ ಆ ಕಹಿ ಕಷಾಯ. ಆಮೇಲೆ ತಂಪಿಗೆ ಮೆಂತೆ ಗಂಜಿ.

ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಹಿರಿಯರ ಒಂದು ಕ್ರಮ. ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರ ಗುರುತಿಸಿ, ನೂಲು ಕಟ್ಟಿ ಬರುತ್ತಾರೆ. ಯಾಕೆ? ಕತ್ತಲಲ್ಲಿ ಮರ ತಪ್ಪಿದರೆ ಕಥೆ ಮುಗಿಯಿತು. ಅದೇ ಗುಡ್ಡದಲ್ಲಿ ಕಾಸರಕದ ಮರವೂ ಇರುತ್ತದೆ. ಅದರಲ್ಲಿರುವುದು ಸ್ಟ್ರಿಕ್ನಿನ್. ಸ್ವಲ್ಪ ಹೆಚ್ಚಾದರೆ ಮೈ ಬಿಲ್ಲಿನ ಹಾಗೆ ಸೆಟೆದು, ಉಸಿರು ಕಟ್ಟಿ ಸಾಯುತ್ತಾರೆ.

ಈಗ ಕೆಮಿಸ್ಟ್ರಿಗೆ ಬನ್ನಿ. ಹಾಲೆ ತೊಗಟೆಯಲ್ಲಿರುವ ಮುಖ್ಯ ಅಣುವಿನ ಹೆಸರು ಎಕಿಟಮಿನ್. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್. ಒಂದನ್ನು ಕಷಾಯವಾಗಿ ಕುಡಿಯುತ್ತೇವೆ, ಇನ್ನೊಂದು ಕೊಲ್ಲುತ್ತದೆ. ಆದರೆ ಎರಡೂ ಒಂದೇ ಕುಲದವು. ಇಂಡೋಲ್ ಆಲ್ಕಲಾಯ್ಡ್ ಅನ್ನುವ ಕುಲ. ಆಲ್ಕಲಾಯ್ಡ್ ಅಂದರೆ ಗಿಡಗಳು ತಯಾರಿಸುವ, ಸಾರಜನಕ ಇರುವ, ಪ್ರತ್ಯಾಮ್ಲದ ಗುಣದ ವಸ್ತು. ಗಿಡ ಇವೆರಡನ್ನೂ ಶುರು ಮಾಡುವುದು ಒಂದೇ ಕಚ್ಚಾ ಸಾಮಗ್ರಿಯಿಂದ. ಟ್ರಿಪ್ಟೋಫ್ಯಾನ್ ಅನ್ನುವ ಅಮೈನೋ ಆಮ್ಲದಿಂದ ಒಂದು ತುಂಡು, ಸೆಕೊಲೊಗಾನಿನ್ ಅನ್ನುವ ಇನ್ನೊಂದು ತುಂಡು. ಎರಡನ್ನು ಜೋಡಿಸಿ, ಆಮೇಲೆ ಬೇರೆ ಬೇರೆ ರೀತಿಯಲ್ಲಿ ಮಡಚುತ್ತದೆ. ಉಂಗುರಗಳು ಎಲ್ಲಿ ಕೂಡಿಕೊಂಡವು, ಯಾವ ಹೈಡ್ರೋಜನ್ ಮೇಲೆ ನೋಡುತ್ತಿದೆ, ಯಾವುದು ಕೆಳಗೆ, ಇಷ್ಟರ ಮೇಲೆ ಅದು ಏನು ಮಾಡುತ್ತದೆ ಅನ್ನುವುದು ತೀರ್ಮಾನವಾಗುತ್ತದೆ. ಸರ್ಪಗಂಧದ ರಿಸರ್ಪಿನ್, ಮನೆಯಂಗಳದ ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್, ಎಲ್ಲ ಇದೇ ಕುಲದ ಮಕ್ಕಳು.

ಈ ಕುಲದ ಜತೆಗೇ ಅಸೀಮಾ ಚಟರ್ಜಿ ತಮ್ಮ ಬದುಕು ಕಳೆದರು. ಗಿಡದಲ್ಲಿ ಏನೋ ಶಕ್ತಿ ಇದೆ ಅಂತ ನಂಬಿ ಕೂರಲಿಲ್ಲ. ಅಜ್ಜಿ ಮದ್ದು ಅಂತ ತಳ್ಳಿಯೂ ಹಾಕಲಿಲ್ಲ. ಯಾವ ಅಣು, ಅದರ ಆಕಾರ ಏನು, ಎಷ್ಟಿದೆ ಅಂತ ಕೇಳಿದರು. ಉತ್ತರ ಸಿಗುವವರೆಗೂ ಬಿಡಲಿಲ್ಲ.

ಅವರು ಹುಟ್ಟಿದ್ದು 1917ರ ಸೆಪ್ಟೆಂಬರ್ 23ರಂದು, ಕಲ್ಕತ್ತದಲ್ಲಿ. ತಂದೆ ಇಂದ್ರನಾರಾಯಣ ಮುಖರ್ಜಿ ವೈದ್ಯರು. ಗಿಡಗಳೆಂದರೆ ಅವರಿಗೆ ಪ್ರೀತಿ. ಮಗಳಿಗೆ ಔಷಧಿ ಗಿಡಗಳ ಹುಚ್ಚು ಹಿಡಿಸಿದ್ದು ಅಪ್ಪನೇ. ಬೆಥೂನ್ ಶಾಲೆ, ಆಮೇಲೆ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಆನರ್ಸ್, 1936ರಲ್ಲಿ ಪದವಿ. 1938ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ.

ಆ ಕಾಲದಲ್ಲಿ ಇದು ಎಷ್ಟು ಕಷ್ಟದ ಮಾತು ಅಂತ ತಿಳಿಯಬೇಕಾದರೆ ನಮ್ಮ ಬೆಂಗಳೂರಿನ ಕಡೆಗೇ ನೋಡಬಹುದು. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೇ ಸರ್ ಸಿ.ವಿ. ರಾಮನ್ ಬೇಡ ಅಂದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೋನಿ ಅಂತ ಹೆಸರಾದ ಆಕೆ ಕೇಂಬ್ರಿಜ್‌ನಿಂದ 1939ರಲ್ಲಿ ಪಿಎಚ್.ಡಿ. ಪಡೆದರು. ಕಲ್ಕತ್ತದಲ್ಲಿ ಅಸೀಮಾ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಇಳಿದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಕಲ್ಕತ್ತದ ಒಂದು ಪುಣ್ಯ ಅಂದರೆ ಅಲ್ಲಿನ ಯೂನಿವರ್ಸಿಟಿ ಕಾಲೇಜ್ ಆಫ್ ಸೈನ್ಸ್. ಊರಿನವರು ಅದನ್ನು ರಾಜಾಬಜಾರ್ ಸೈನ್ಸ್ ಕಾಲೇಜ್ ಅನ್ನುತ್ತಾರೆ. ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಆಗ ಅಲ್ಲೇ ಒಂದು ಕೋಣೆಯಲ್ಲಿ ವಾಸವಾಗಿದ್ದರು. ಸಾಯುವವರೆಗೂ, ಅಂದರೆ 1944ರವರೆಗೂ ಅಲ್ಲೇ ಇದ್ದರು. ಕೆಮಿಸ್ಟ್ರಿ ಅಂದರೆ ದೇಶದ ಕೆಲಸ ಅಂತ ಕಲಿಸಿದ ಮನುಷ್ಯ ಅವರು. ಅಸೀಮಾ ಅವರಿಗೆ ಸಂಶೋಧನೆಯಲ್ಲಿ ಗುರುವಾಗಿದ್ದವರು ಪ್ರಫುಲ್ಲಕುಮಾರ್ ಬೋಸ್, ಸಸ್ಯಗಳ ರಸಾಯನದಲ್ಲಿ ಪಳಗಿದವರು. ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಅವರ ಬೆಂಬಲವೂ ಇತ್ತು.

1940ರಲ್ಲಿ ಅವರು ಲೇಡಿ ಬ್ರಾಬೋರ್ನ್ ಕಾಲೇಜಿಗೆ ಸೇರಿದರು. ಕೆಮಿಸ್ಟ್ರಿ ವಿಭಾಗವನ್ನು ಅಲ್ಲಿ ಶುರು ಮಾಡಿದ್ದೇ ಅವರು, ಮೊದಲ ಮುಖ್ಯಸ್ಥೆಯೂ ಅವರೇ. ಹೊಸ ವಿಭಾಗ ಕಟ್ಟುವುದು ಅಂದರೆ ಏನು ಅಂತ ಇಲ್ಲಿರುವ ಮೇಷ್ಟರುಗಳಿಗೆ ಗೊತ್ತು. ಬ್ಯುರೆಟ್ ಪಿಪೆಟ್ ಇಂಡೆಂಟ್ ಹಾಕುವುದರಿಂದ ಶುರುವಾಗಬೇಕು. ಇದರ ಜತೆಗೇ ಡಿ.ಎಸ್ಸಿ. ಕೆಲಸ ನಡೆಯಿತು.

ಆ ವರ್ಷಗಳ ಒಂದು ಫಲವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸರ್ಪಗಂಧಕ್ಕೆ ಒಂದು ಸೋದರ ಗಿಡ ಇದೆ, ರಾವುಲ್ಫಿಯಾ ಕೆನೆಸೆನ್ಸ್ ಅಂತ. ಸರ್ಪಗಂಧದ ಮೇಲೆ ಆಗ ಎಲ್ಲರ ಕಣ್ಣು ಬಿದ್ದಿತ್ತು. 1931ರಲ್ಲೇ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಕೆಲಸ ಮಾಡುತ್ತದೆ ಅಂತ ಬರೆದಿದ್ದರು. ಅಸೀಮಾ ಆ ಸೋದರ ಗಿಡವನ್ನು ಹಿಡಿದರು. ಅದರಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿ ರಾವುಲ್ಸಿನ್ ಅಂತ ಹೆಸರಿಟ್ಟರು. ಆಗ ಅವರಿನ್ನೂ ಮದುವೆಗೆ ಮುಂಚಿನ ಮುಖರ್ಜಿ ಹೆಸರಿನಲ್ಲೇ ಬರೆಯುತ್ತಿದ್ದರು.

ಬೇರ್ಪಡಿಸುವುದು ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ನೀವು ಪ್ರಾಕ್ಟಿಕಲ್‌ನಲ್ಲಿ ಚಹಾಪುಡಿಯಿಂದ ಕೆಫೀನ್ ತೆಗೆದಿದ್ದೀರಲ್ವಾ? ಅದೇ ದಾರಿ, ಆದರೆ ಇನ್ನೂ ಬಹಳ ಉದ್ದ. ಎಲೆಯನ್ನೋ ತೊಗಟೆಯನ್ನೋ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲ್‌ನಲ್ಲಿ ದಿನಗಟ್ಟಲೆ ಕುದಿಸಿ ಸಾರ ತೆಗೆಯಬೇಕು. ಆಲ್ಕೋಹಾಲ್ ಇಂಗಿಸಿದರೆ ಉಳಿಯುವುದು ಕರಿ ಪಾಕ. ಎಣ್ಣೆ, ಬಣ್ಣ, ಅಂಟು, ಸಕ್ಕರೆ ಎಲ್ಲ ಅದರೊಳಗೇ ಇರುತ್ತದೆ. ಅದಕ್ಕೆ ನೀರು ಬೆರೆತ ಆಮ್ಲ ಹಾಕಿ ಕಲಕಿದರೆ ಆಲ್ಕಲಾಯ್ಡ್‌ಗಳು ಉಪ್ಪಾಗಿ ನೀರಿಗೆ ಇಳಿಯುತ್ತವೆ, ಜಿಡ್ಡು ಹಿಂದೆ ಉಳಿಯುತ್ತದೆ. ಸೋಸಿ, ಅಮೋನಿಯಾ ಹಾಕಿ, ಕ್ಲೋರೋಫಾರ್ಮ್‌ನಲ್ಲಿ ಅಲುಗಿಸಿದರೆ ಈಗ ಅವು ನೀರು ಬಿಟ್ಟು ಕ್ಲೋರೋಫಾರ್ಮಿಗೆ ಹೋಗುತ್ತವೆ. ಒಂದು ಹನಿ ತೆಗೆದು ಆಮ್ಲದಲ್ಲಿ ಕರಗಿಸಿ ಡ್ರಾಗೆನ್‌ಡಾರ್ಫ್ ದ್ರಾವಣ ಹಾಕಿ ನೋಡಬೇಕು. ಕಿತ್ತಳೆ ಬಣ್ಣದ ಗಸಿ ಬಿದ್ದರೆ ಆಲ್ಕಲಾಯ್ಡ್ ಇದೆ.

ಇಷ್ಟಾದರೂ ಕೈಗೆ ಬಂದದ್ದು ಹತ್ತು ಹದಿನೈದು ಅಣುಗಳ ಗುಂಪು. ಅಲ್ಯೂಮಿನಾ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ (ಇದಕ್ಕೆ ಕಾಲಂ ಅನ್ನುತ್ತೇವೆ) ಮೇಲಿನಿಂದ ಹಾಕಿ, ದ್ರಾವಕ ಬದಲಿಸುತ್ತಾ ಹನಿ ಹನಿಯಾಗಿ ಇಳಿಸಿ ಒಂದೊಂದನ್ನೇ ಬೇರೆ ಮಾಡಬೇಕು. ಹರಳು ಕಟ್ಟಲು ಕಾಯಬೇಕು. ಕಟ್ಟದಿದ್ದರೆ ಗಾಜಿನ ಕಡ್ಡಿಯಿಂದ ಬೀಕರಿನ ಒಳಬದಿ ಕೆರೆಯಬೇಕು. ಕಟ್ಟಿದ ಹರಳನ್ನು ಕರಗಿಸಿ ಮತ್ತೆ ಮತ್ತೆ ಕಟ್ಟಿಸಬೇಕು, ಮೆಲ್ಟಿಂಗ್ ಪಾಯಿಂಟ್ ಒಂದೇ ಕಡೆ ನಿಲ್ಲುವವರೆಗೆ. ಕಿಲೋಗಟ್ಟಲೆ ಗಿಡದಿಂದ ಕೊನೆಗೆ ಉಳಿಯುವುದು ಚಿಟಿಕೆಯಷ್ಟು ಪುಡಿ.

ಆಮೇಲೆ ಶುರುವಾಗುವುದು ಅಸಲಿ ಪ್ರಶ್ನೆ: ಇದರ ರಚನೆ ಏನು? ಇವತ್ತು ಎನ್‌ಎಂಆರ್ ಇದೆ, ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಯುವ ಯಂತ್ರ. ಆಗ ಇರಲಿಲ್ಲ. ಅಣುವನ್ನು ಒಡೆದು, ಬಿದ್ದ ಚೂರುಗಳನ್ನು ಗುರುತಿಸಿ, ಮೊದಲು ಹೇಗಿದ್ದಿರಬಹುದು ಅಂತ ಊಹಿಸಬೇಕು. ಎಷ್ಟು ಕಷ್ಟ ಅನ್ನುವುದಕ್ಕೆ ಸ್ಟ್ರಿಕ್ನಿನ್ ಒಂದೇ ಸಾಕು. ಅದನ್ನು ಫ್ರಾನ್ಸಿನಲ್ಲಿ ಬೇರ್ಪಡಿಸಿದ್ದು 1818ರಲ್ಲಿ. ಅದರ ರಚನೆಯನ್ನು ರಾಬರ್ಟ್ ರಾಬಿನ್‌ಸನ್ ಸರಿಯಾಗಿ ಹೇಳಿದ್ದು 1946ರಲ್ಲಿ. ನಡುವೆ 128 ವರ್ಷ!

ರಾವುಲ್ಸಿನ್ ಔಷಧಿ ಅಂಗಡಿಯಲ್ಲಿ ಹೆಸರು ಮಾಡಲಿಲ್ಲ. ಆದರೆ ಜಗತ್ತಿನ ಫಾರ್ಮಕಾಲಜಿ ಲ್ಯಾಬುಗಳಲ್ಲಿ ಅದು ಇವತ್ತಿಗೂ ಬೇಕಾದ ವಸ್ತು. ನರಗಳ ತುದಿಯಲ್ಲಿ ಆಲ್ಫಾ-2 ಅನ್ನುವ ಗ್ರಾಹಕಗಳಿವೆ. ಅಡ್ರಿನಲಿನ್‌ನಂಥ ವಸ್ತುಗಳು ಹೋಗಿ ಕೂರುವ ಜಾಗ ಅದು. ರಾವುಲ್ಸಿನ್ ಅಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ವಿಕಿರಣಶೀಲ ಹೈಡ್ರೋಜನ್ ಹಚ್ಚಿದ ರಾವುಲ್ಸಿನ್ ಬಳಸಿ ಆ ಗ್ರಾಹಕಗಳು ದೇಹದಲ್ಲಿ ಎಲ್ಲೆಲ್ಲಿವೆ, ಎಷ್ಟಿವೆ ಅಂತ ವಿಜ್ಞಾನಿಗಳು ಅಳೆದರು. ಕಲ್ಕತ್ತದ ಹುಡುಗಿಯೊಬ್ಬಳು ಯುದ್ಧದ ದಿನಗಳಲ್ಲಿ ಹುಡುಕಿದ ಅಣು ಇಷ್ಟು ದೂರ ಹೋಯಿತು. ಪ್ರಶಸ್ತಿಗಳ ಪಟ್ಟಿಯಲ್ಲಿ ಇದು ಇರುವುದಿಲ್ಲ, ನೋಡಿ.

1945ರಲ್ಲಿ ಮದುವೆ. ಗಂಡ ಬರದಾನಂದ ಚಟರ್ಜಿ, ಅವರೂ ಕೆಮಿಸ್ಟ್ರಿಯವರೇ, ಮಣ್ಣಿನ ರಸಾಯನದಲ್ಲಿ ಹೆಸರಾದವರು. 1947ರಲ್ಲಿ ಅಸೀಮಾ ಅಮೆರಿಕಕ್ಕೆ ಹೊರಟರು. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಗುವನ್ನೂ ನೋಡಿಕೊಳ್ಳುವ ಒಬ್ಬಾಕೆಯನ್ನೂ ಜತೆಗೆ ಕರೆದುಕೊಂಡೇ ಹೋದರು. ಆ ವರ್ಷದ ಕಲ್ಕತ್ತ, ಆ ವರ್ಷದ ದೇಶ, ಕಂಕುಳಲ್ಲಿ ಕೂಸು, ಮುಂದೆ ಗುರುತಿಲ್ಲದ ಊರು. ಇದನ್ನು ಮಾಡಲು ಎಂಥ ಗಟ್ಟಿ ಮನಸ್ಸು ಬೇಕು!

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾರ್ಕ್ಸ್ ಅವರ ಬಳಿ ಗ್ಲೈಕೊಸೈಡ್‌ಗಳ, ಅಂದರೆ ಸಕ್ಕರೆ ಅಂಟಿಕೊಂಡಿರುವ ಅಣುಗಳ ಮೇಲೆ ಕೆಲಸ. ಅಲ್ಲಿಂದ ಕ್ಯಾಲ್‌ಟೆಕ್‌ಗೆ, ಲಾಸ್ಲೋ ಜೆಕ್‌ಮೈಸ್ಟರ್ ಬಳಿಗೆ. ಕ್ರೊಮಟಾಗ್ರಫಿಯನ್ನು, ಅಂದರೆ ಆಗಲೇ ಹೇಳಿದ ಹಾಗೆ ಕೊಳವೆಯಲ್ಲಿ ಇಳಿಸಿ ಅಣುಗಳನ್ನು ಬೇರೆ ಮಾಡುವ ವಿಧಾನವನ್ನು ಪಳಗಿಸಿದ ಮೊದಲಿಗರಲ್ಲಿ ಆತನೂ ಒಬ್ಬ. ಗಿಡದ ಸಾರದಿಂದ ಅಣು ಬಿಡಿಸುವವರಿಗೆ ಇದಕ್ಕಿಂತ ಒಳ್ಳೆಯ ಗುರುಕುಲ ಬೇರೆ ಇರಲಿಲ್ಲ. ಕೊನೆಗೆ ಜೂರಿಚ್‌ನಲ್ಲಿ ಪಾಲ್ ಕಾರರ್. ವಿಟಮಿನ್‌ಗಳ ಕೆಲಸಕ್ಕೆ 1937ರಲ್ಲಿ ನೊಬೆಲ್ ಪಡೆದವರು. 1950ರಲ್ಲಿ ಅಸೀಮಾ ಊರಿಗೆ ವಾಪಸ್ ಬಂದರು. 1954ರಲ್ಲಿ ರಾಜಾಬಜಾರಿನಲ್ಲಿ ರೀಡರ್ ಆದರು.

ನಡುವೆ 1949ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ವಿಷಯ ನಮ್ಮ ಬಿಲ್ವ. ಬಿಲ್ವದ ಬಲಿತ ತೊಗಟೆಯಲ್ಲಿರುವ ಕೂಮರಿನ್ ಜಾತಿಯ ಅಣುಗಳ ರಚನೆ. ನಾವು ಶಿವರಾತ್ರಿಗೆ ಎಲೆ ಏರಿಸುವ ಮರ ಜಗತ್ತಿನ ದೊಡ್ಡ ಕೆಮಿಸ್ಟ್ರಿ ಪತ್ರಿಕೆಯಲ್ಲಿ ಹಾಗೆ ಕಾಣಿಸಿಕೊಂಡಿತು.

ರಾಜಾಬಜಾರಿನ ದಿನಗಳು ಸುಲಭದವಾಗಿರಲಿಲ್ಲ. ಆಗಷ್ಟೇ ಸ್ವತಂತ್ರವಾದ ದೇಶ. ದ್ರಾವಕಗಳಿಗೆ ದುಡ್ಡಿಲ್ಲ, ಉಪಕರಣಗಳಿಲ್ಲ. ಒಂದು ಹರಳಿನಲ್ಲಿ ಇಂಗಾಲ ಎಷ್ಟು, ಸಾರಜನಕ ಎಷ್ಟು ಅಂತ ಅಳೆಯುವುದಕ್ಕೂ ಸ್ಯಾಂಪಲ್ ಹೊರದೇಶಕ್ಕೆ ಕಳಿಸಬೇಕಾಗುತ್ತಿತ್ತು. ತಿಂಗಳುಗಟ್ಟಲೆ ದುಡಿದು ತೆಗೆದ ಚಿಟಿಕೆ ಪುಡಿಯನ್ನು ಲಕೋಟೆಯಲ್ಲಿ ಹಾಕಿ ಕಳಿಸಿ ಕಾಯುವುದು. ಇದೇ ಬಡತನ ಅವರಿಂದ ಒಂದು ಒಳ್ಳೆಯ ಕೆಲಸ ಮಾಡಿಸಿತು ಅಂತ ನನಗೆ ಅನ್ನಿಸುತ್ತದೆ. ಅಣುವಿನ ತುದಿಯಲ್ಲಿ, ಅಥವಾ ಉಂಗುರದ ಹೊರಬದಿಗೆ ಅಂಟಿಕೊಂಡು ಡಬಲ್ ಬಾಂಡ್ (ಪರಮಾಣುಗಳ ನಡುವಿನ ಜೋಡಿ ಕೊಂಡಿ) ಇದೆಯಾ, ಎಲ್ಲಿದೆ ಅಂತ ಪತ್ತೆ ಮಾಡಲು ಪರ್‌ಅಯೋಡಿಕ್ ಆಸಿಡ್ ಬಳಸುವ ಒಂದು ವಿಧಾನ ಕಂಡುಹಿಡಿದರು. ಬಹಳ ಕಡಿಮೆ ವಸ್ತುವಿನಲ್ಲಿ ನಡೆಯುವ ಪರೀಕ್ಷೆ ಅದು. ಚಿಟಿಕೆಯಷ್ಟೇ ಇರುವವರಿಗೆ ಬೇಕಾದ್ದೂ ಅದೇ.

ಇನ್ನೊಂದು ದೊಡ್ಡ ಕೆಲಸ ಅಣುಗಳ ಮೂರು ಆಯಾಮದ ಆಕಾರ, ನಾವು ಸ್ಟೀರಿಯೊಕೆಮಿಸ್ಟ್ರಿ ಅನ್ನುವುದು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದುವುದಿಲ್ಲ ಅಲ್ವಾ? ಅಣುಗಳದ್ದೂ ಅದೇ ಕಥೆ. ಪರಮಾಣುಗಳು ಅವೇ, ಜೋಡಣೆ ಅದೇ, ತಿರುವು ಮಾತ್ರ ಬೇರೆ ಅಂದರೂ ದೇಹ ಅದನ್ನು ಬೇರೆಯೇ ವಸ್ತು ಅಂತ ನೋಡುತ್ತದೆ. ಅಜ್ಮಲಿಸಿನ್ ಮುಂತಾದ ಆಲ್ಕಲಾಯ್ಡ್‌ಗಳಲ್ಲಿ ಈ ತಿರುವುಗಳನ್ನು ಬಿಡಿಸುವುದರಲ್ಲಿ ಅಸೀಮಾ ಅವರ ಗುಂಪಿನ ಪಾಲು ದೊಡ್ಡದು.

ಹಾಲೆ ಮರದ ಎಕಿಟಮಿನ್ ಮೇಲೂ ಅವರು ಕೆಲಸ ಮಾಡಿದರು. ಈ ಅಣುವಿನ ಕಥೆಗೆ ಕರ್ನಾಟಕದ ಒಂದು ಎಳೆ ಇದೆ, ಹೇಳಲೇಬೇಕು. ಹಲವು ಊರುಗಳ ಕೆಮಿಸ್ಟರು ಇದರ ರಚನೆಗೆ ತಲೆ ಕೆಡಿಸಿಕೊಂಡಿದ್ದರು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಮನೋಹರ್ ಮತ್ತು ಎಸ್. ರಾಮಶೇಷನ್ ಅದರ ಹರಳಿನ ಮೇಲೆ ಎಕ್ಸ್-ರೇ ಹಾಯಿಸಿ, ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಅಂತ ತೋರಿಸಿದರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೂ ಅದೇ ಹೊತ್ತಿಗೆ ಆ ಕೆಲಸ ನಡೆಯಿತು. ಆಟಿ ಕಷಾಯದ ಅಣುವಿನ ಪೂರ್ತಿ ಚಿತ್ರ ಬಿಡಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಗೊತ್ತಿರಬೇಕು.

1962ರಲ್ಲಿ ಅವರು ಕಲ್ಕತ್ತ ವಿಶ್ವವಿದ್ಯಾಲಯದ ಖೈರಾ ಪ್ರೊಫೆಸರ್ ಆದರು. ದತ್ತಿಯಿಂದ ನಡೆಯುವ, ಬಹಳ ಗೌರವದ ಪೀಠ ಅದು. ಭೌತವಿಜ್ಞಾನದ ಖೈರಾ ಪೀಠದಲ್ಲಿ ಸತ್ಯೇಂದ್ರನಾಥ ಬೋಸ್ ಅವರೇ ಕೂತಿದ್ದರು. ಅಸೀಮಾ 1982ರವರೆಗೆ, ಇಪ್ಪತ್ತು ವರ್ಷ ಆ ಪೀಠದಲ್ಲಿದ್ದರು. ಹತ್ತಾರು ಜನ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. ಸುಮಾರು 400 ಪ್ರಬಂಧಗಳು ಬಂದವು. ಯುಜಿಸಿಯ ವಿಶೇಷ ನೆರವಿನಲ್ಲಿ ನೈಸರ್ಗಿಕ ವಸ್ತುಗಳ ರಸಾಯನ ಕಲಿಸುವ ಕಾರ್ಯಕ್ರಮವನ್ನು 1972ರಿಂದ ಅವರೇ ನಡೆಸಿದರು.

1967 ಅವರ ಬದುಕಿನ ಅತಿ ಕೆಟ್ಟ ವರ್ಷ. ಕೆಲವೇ ತಿಂಗಳ ಅಂತರದಲ್ಲಿ ಅಪ್ಪನೂ ಹೋದರು, ಗಂಡನೂ ಹೋದರು. ಅವರ ಆರೋಗ್ಯವೂ ಕೆಟ್ಟಿತು. ಆಗ ಜತೆಗೆ ನಿಂತವರು ಅವರ ಸೋದರ ಸರಶಿರಂಜನ್ ಮುಖರ್ಜಿ. ಅವರು ವೈದ್ಯರು. ಅಕ್ಕ ಬೇರ್ಪಡಿಸಿದ ವಸ್ತುಗಳು ದೇಹದ ಮೇಲೆ ಏನು ಮಾಡುತ್ತವೆ ಅನ್ನುವ ಪರೀಕ್ಷೆಗಳಲ್ಲೂ ಅವರದ್ದು ಕೈ ಇತ್ತು. ಚೇತರಿಸಿಕೊಂಡ ಅಸೀಮಾ ಮತ್ತೆ ಲ್ಯಾಬಿಗೆ ಬಂದರು.

ಈಗ ಔಷಧಿಗಳ ವಿಷಯ. ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು.

ಅವರ ಹೆಸರಿನಲ್ಲಿ ಎರಡು ಔಷಧಿಗಳಿವೆ. ಒಂದು ಅಪಸ್ಮಾರಕ್ಕೆ, ಅಂದರೆ ಮೂರ್ಛೆರೋಗಕ್ಕೆ, ಆಯುಷ್-56. ಕೆರೆ ಅಂಚಿನಲ್ಲಿ, ಗದ್ದೆಯಲ್ಲಿ ನಾಲ್ಕೆಲೆಯ ಒಂದು ಸಣ್ಣ ಸೊಪ್ಪು ಬೆಳೆಯುತ್ತದೆ. ನೋಡಲು ಎಲೆಗಿಡ, ನಿಜದಲ್ಲಿ ಜರೀಗಿಡದ ಜಾತಿ. ಬಂಗಾಳದಲ್ಲಿ ಶುಶನಿ ಶಾಕ್ ಅಂತ ಪಲ್ಯ ಮಾಡುತ್ತಾರೆ. ತಿಂದರೆ ಚೆನ್ನಾಗಿ ನಿದ್ದೆ ಬರುತ್ತದೆ ಅನ್ನುವುದು ಅಲ್ಲಿನ ನಂಬಿಕೆ. ಅದರ ಜತೆ ಜಟಾಮಾಂಸಿ ಸೇರಿಸಿ ಮಾಡಿದ ಔಷಧಿ ಅದು. ಇನ್ನೊಂದು ಮಲೇರಿಯಾಕ್ಕೆ: ಹಾಲೆ, ಕಿರಾತಕಡ್ಡಿ, ಕಟುಕರೋಹಿಣಿ, ಗಜ್ಜುಗ. ಗಜ್ಜುಗದ ಬೀಜ ಗೊತ್ತಲ್ಲ, ಕಲ್ಲಿಗೆ ಉಜ್ಜಿ ಬಿಸಿ ಮಾಡಿ ಪಕ್ಕದವನ ಕೈಗೆ ಮುಟ್ಟಿಸುವ ಆಟ? ಅದೇ. ಎರಡಕ್ಕೂ ಪೇಟೆಂಟ್ ಸಿಕ್ಕಿತು, ಕಂಪನಿಗಳು ಮಾರಾಟಕ್ಕೂ ತಂದವು.

ಆದರೆ ಇವತ್ತು ಮಲೇರಿಯಾ ಬಂದರೆ ಈ ಕಷಾಯ ನಂಬಿ ಮನೆಯಲ್ಲಿ ಕೂರಬೇಡಿ. ಇವತ್ತಿನ ಮುಖ್ಯ ಔಷಧಿ ಆರ್ಟೆಮಿಸಿನಿನ್ ಮೂಲದ್ದು. ಅದೂ ಗಿಡದಿಂದಲೇ ಬಂದದ್ದು. ಚೀನಾದ ತು ಯುಯು ಅವರಿಗೆ ಅದಕ್ಕಾಗಿ 2015ರಲ್ಲಿ ನೊಬೆಲ್ ಬಂತು. ಅಸೀಮಾ ಅವರ ದಾರಿಯೂ ತು ಯುಯು ಅವರ ದಾರಿಯೂ ಒಂದೇ: ಹಳೆಯ ಮದ್ದಿನೊಳಗೆ ಹುಡುಕಿ ಅಣು ತೆಗೆಯುವುದು. ತು ಯುಯು ಅವರಿಗೆ ಸಿಕ್ಕಿದ್ದು ಲಕ್ಷಾಂತರ ಜೀವ ಉಳಿಸುವ ಅಣು. ಎಲ್ಲ ಗಿಡದಲ್ಲೂ ಅಂಥದ್ದು ಇರುವುದಿಲ್ಲ.

ಇನ್ನೊಂದು ಮಾತು ಅಲ್ಲಲ್ಲಿ ಓಡಾಡುತ್ತದೆ: ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ಕಂಡುಹಿಡಿದದ್ದು ಅಸೀಮಾ ಚಟರ್ಜಿ ಅಂತ. ಅದು ಸರಿಯಲ್ಲ. ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದವರು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್, 1958ರಲ್ಲಿ. ಜಮೈಕಾದಲ್ಲಿ ಜನ ಸಕ್ಕರೆ ಕಾಯಿಲೆಗೆ ಆ ಎಲೆಯ ಚಹಾ ಕುಡಿಯುತ್ತಿದ್ದರು. ನೋಬಲ್ ಅದರ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಆ ಸುಳಿವಿನಿಂದಲೇ ರಕ್ತದ ಕ್ಯಾನ್ಸರಿನ ಔಷಧಿ ಹುಟ್ಟಿತು. ಅಮೆರಿಕದ ಲಿಲ್ಲಿ ಕಂಪನಿಯವರೂ ಅದೇ ಗಿಡದ ಮೇಲೆ ದುಡಿದು ವಿನ್‌ಕ್ರಿಸ್ಟಿನ್ ಹೊರತಂದರು. ಅಸೀಮಾ ಅವರು ವಿಂಕಾ (ನಿತ್ಯಪುಷ್ಪದ ಬಗೆಯ) ಆಲ್ಕಲಾಯ್ಡ್‌ಗಳ ರಸಾಯನದ ಮೇಲೆ ದುಡಿದದ್ದು ನಿಜ. ಔಷಧಿಯ ಶೋಧ ಬೇರೆಯವರದ್ದು. ತಮ್ಮದಲ್ಲದ ಕಿರೀಟ ಅವರಿಗೆ ಬೇಕಾಗಿಲ್ಲ. ಅವರು ಮಾಡಿದ್ದೇ ಬೇಕಾದಷ್ಟಿದೆ. ಅದನ್ನು ಸರಿಯಾಗಿ ಓದಿ ಹೇಳಿದರೆ ಸಾಕು.

ನನಗೆ ಅವರ ಮೇಲೆ ತುಂಬಾ ಅಭಿಮಾನ ಮೂಡಿಸಿದ ಇನ್ನೊಂದು ಕೆಲಸ ಇದೆ. ಸತ್ಯೇಂದ್ರನಾಥ ಬೋಸ್ 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತು ಕಟ್ಟಿದರು. ವಿಜ್ಞಾನವನ್ನು ಬಂಗಾಳಿಯಲ್ಲೇ ಹೇಳಬೇಕು ಅನ್ನುವುದು ಅವರ ಹಟ. ಅವರ ಮಾತಿಗೆ ಅಸೀಮಾ ಹೈಸ್ಕೂಲು ಮಕ್ಕಳಿಗಾಗಿ ಬಂಗಾಳಿಯಲ್ಲಿ ಒಂದು ಕೆಮಿಸ್ಟ್ರಿ ಪಠ್ಯಪುಸ್ತಕ ಬರೆದುಕೊಟ್ಟರು. ಜೂರಿಚ್‌ವರೆಗೆ ಹೋಗಿಬಂದು, ಇಂಡೋಲ್ ಆಲ್ಕಲಾಯ್ಡ್‌ಗಳ ತಿರುವು ಬಿಡಿಸುತ್ತಿದ್ದ ಪ್ರೊಫೆಸರ್, ಆಮ್ಲ ಅಂದರೇನು ಪ್ರತ್ಯಾಮ್ಲ ಅಂದರೇನು ಅಂತ ಮಕ್ಕಳಿಗೆ ಅವರ ಮನೆ ಮಾತಿನಲ್ಲಿ ಬರೆದರು. ನಮ್ಮಲ್ಲೂ ಇಂಥ ಪುಸ್ತಕಗಳು ಬೇಕು. ಅದನ್ನು ಬರೆಯಬೇಕಾದವರು ಇದೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

1982ರಿಂದ 1990ರವರೆಗೆ ಅವರು ರಾಜ್ಯಸಭೆಯ ನಾಮಕರಣ ಸದಸ್ಯೆಯಾಗಿದ್ದರು. ಕಲ್ಕತ್ತದ ಸಾಲ್ಟ್ ಲೇಕಿನಲ್ಲಿ ಆಯುರ್ವೇದ ಔಷಧಿಗಳ ಸಂಶೋಧನೆಗೆ ಒಂದು ಸಂಸ್ಥೆ, ಜತೆಗೆ ಆಸ್ಪತ್ರೆ ಆಗಬೇಕು ಅನ್ನುವುದು ಅವರ ಬಹುಕಾಲದ ಆಸೆಯಾಗಿತ್ತು. ಅದೂ ಕೈಗೂಡಿತು.

ನಿವೃತ್ತಿಯಾದ ಮೇಲೆ ಕೈಗೆತ್ತಿಕೊಂಡ ಕೆಲಸವೂ ಸಣ್ಣದಲ್ಲ. ಸತ್ಯೇಶಚಂದ್ರ ಪಾಕ್ರಾಶಿ ಅವರ ಜತೆ ಸೇರಿ ಭಾರತದ ಔಷಧಿ ಗಿಡಗಳ ಮೇಲೆ ಆರು ಸಂಪುಟಗಳ ಗ್ರಂಥ ಸಂಪಾದಿಸಿದರು. ಪ್ರಕಟಿಸಿದ್ದು ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್. ಗಿಡ ಯಾವುದು, ಎಲ್ಲಿ ಬೆಳೆಯುತ್ತದೆ, ಜನ ಯಾವುದಕ್ಕೆ ಬಳಸುತ್ತಾರೆ, ಅದರಲ್ಲಿ ಯಾವ ಅಣುಗಳಿವೆ, ಪರೀಕ್ಷೆಯಲ್ಲಿ ಏನು ಕಂಡುಬಂತು, ಎಲ್ಲ ಒಂದೇ ಕಡೆ ಸಿಗುತ್ತದೆ. ಕೊನೆಯ ಸಂಪುಟ ಬರುವ ಹೊತ್ತಿಗೆ ಅವರಿಗೆ ಎಂಬತ್ತು ದಾಟಿತ್ತು. 2006ರ ನವೆಂಬರ್ 22ರಂದು ತೀರಿಕೊಂಡರು. ಅವರ ಮಗಳೂ ಆರ್ಗ್ಯಾನಿಕ್ ಕೆಮಿಸ್ಟ್ರಿ ಪ್ರೊಫೆಸರ್ ಆದರು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಡಿ.ಎಸ್ಸಿ. ಪಡೆದ ಮೊದಲ ಮಹಿಳೆ ಜಾನಕಿ ಅಮ್ಮಾಳ್ ಅಲ್ವಾ?" ಒಳ್ಳೆಯ ಪ್ರಶ್ನೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರಿಗೆ 1931ರಲ್ಲೇ ಡಿ.ಎಸ್ಸಿ. ಬಂದಿತ್ತು. ಆದರೆ ಅದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ್ದು. ಭಾರತದ ವಿಶ್ವವಿದ್ಯಾಲಯದಿಂದ ಪಡೆದವರಲ್ಲಿ ಅಸೀಮಾ ಮೊದಲಿಗರು.

ಎರಡನೆಯದು ಎಂ.ಎಸ್ಸಿ. ಹುಡುಗನೊಬ್ಬನದು: "ಈಗ ಎನ್‌ಎಂಆರ್, ಮಾಸ್ ಸ್ಪೆಕ್ಟ್ರೋಮೀಟರ್ ಎಲ್ಲ ಇದೆ. ಕಾಲಂ ಹಾಕಿ, ಹರಳು ಕಟ್ಟಿಸಿ ಕೂರುವ ಹಳೆಯ ಪದ್ಧತಿ ಯಾಕೆ ಕಲಿಯಬೇಕು ಸರ್?" ನಾನು ಹೇಳಿದ್ದು ಇಷ್ಟು. ಎನ್‌ಎಂಆರ್‌ನಿಂದ ರಚನೆ ಗೊತ್ತಾಗಬೇಕಾದರೆ ಒಳಗೆ ಹಾಕುವ ವಸ್ತು ಶುದ್ಧವಾಗಿರಬೇಕು. ಹತ್ತು ಅಣುಗಳ ಗುಂಪನ್ನು ಹಾಕಿದರೆ ಒಂದರ ಮೇಲೊಂದು ಬಿದ್ದ ಗೆರೆಗಳು ಬರುತ್ತವೆ, ಯಾವುದು ಯಾರದ್ದು ಅಂತ ಬಿಡಿಸುವುದೇ ಕಷ್ಟ. ಒಂದು ಹೊಸ ಆಲ್ಕಲಾಯ್ಡ್ ಕೈಯಲ್ಲಿದ್ದರೆ ಅದರ ರಚನೆಗೆ ಇವತ್ತು ಕೆಲವು ದಿನ ಸಾಕು. ಆ ಆಲ್ಕಲಾಯ್ಡ್ ಕೈಗೆ ಬರುವುದಕ್ಕೆ ತಿಂಗಳುಗಳೇ ಬೇಕು, ಇವತ್ತಿಗೂ. ಕಾಲಂ ಹಾಕುವುದನ್ನು ಮುಂದಿನ ವಾರ ನಿಮ್ಮ ಲ್ಯಾಬಿನಲ್ಲೇ ತೋರಿಸಿಕೊಡುತ್ತೇನೆ ಅಂದೆ. ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ. ಬರುವವರು ಹಾಲೆ ತೊಗಟೆಯ ಒಣಪುಡಿ ತರಲಿ. ಮರ ಯಾವುದು ಅಂತ ಸಸ್ಯಶಾಸ್ತ್ರದ ಮೇಷ್ಟರಿಗೆ ತೋರಿಸಿ, ಖಾತ್ರಿ ಮಾಡಿಕೊಂಡೇ ತರಬೇಕು.